ವ್ಯಾನಿನಲ್ಲಿ ಇಂಟರ್ನೆಟ್: ದುಡ್ಡು ಆಂಟೆನಾಕ್ಕೆ ಹಾಕಿ, ರೂಟರ್ ಆಮೇಲೆ

ಕಾರವಾರದಲ್ಲಿ ನಾನು ಗಾಡಿಗಳಿಗೆ ವೈರಿಂಗ್, ಬ್ಯಾಟರಿ, ಆಂಟೆನಾ ಕೆಲಸ ಮಾಡುತ್ತೇನೆ. ಈಚೆಗೆ ಟ್ರಾವೆಲರ್, ವಿಂಗರ್ ಗಾಡಿಗಳನ್ನು ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡು ಕರಾವಳಿಗೆ ಬರುವವರು ಜಾಸ್ತಿಯಾಗಿದ್ದಾರೆ. ಎಲ್ಲರೂ ರಜೆಗೇ ಬರುವುದಿಲ್ಲ. ಬೆಳಿಗ್ಗೆ ಸಮುದ್ರ ಸ್ನಾನ, ಹತ್ತು ಗಂಟೆಯಿಂದ ಆಫೀಸಿನ ವಿಡಿಯೊ ಕಾಲ್. ಅಂಥವರು ನನ್ನನ್ನು ಮೊದಲು ಕೇಳುವುದು, "ಯಾವ ರೂಟರ್ ಒಳ್ಳೆಯದು ಸರ್?" ಅಂತ. ರೂಟರ್ ಅಂದರೆ ಇಲ್ಲಿ ಮೊಬೈಲ್ ಸಿಮ್ ಹಾಕಿದರೆ ಗಾಡಿಯೊಳಗೆ ವೈಫೈ ಕೊಡುವ ಡಬ್ಬಿ. ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಜಿಲ್ಲೆಯಲ್ಲಿ ನಿಮ್ಮ ಇಂಟರ್ನೆಟ್ಟನ್ನು ತೀರ್ಮಾನ ಮಾಡುವುದು ಗುಡ್ಡ, ಮರ ಮತ್ತು ಟವರ್. ಇವು ಮೂರಕ್ಕೂ ನಿಮ್ಮ ವ್ಯಾನಿಗೂ ನಡುವೆ ಇರುವುದು ಆಂಟೆನಾ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ವ್ಯಾನ್ ಅಂದರೆ ತಗಡಿನ ಡಬ್ಬಿ. ರೇಡಿಯೊ ಅಲೆ ಲೋಹವನ್ನು ದಾಟುವುದಿಲ್ಲ, ಕಿಟಕಿ ಗಾಜಿನಿಂದ ನುಸುಳಿದಷ್ಟೇ ಒಳಗೆ ಬರುತ್ತದೆ. ರೂಟರನ್ನು ಒಳಗಿನ ಕಪಾಟಿನಲ್ಲಿಟ್ಟು, ಅದರ ಜೊತೆ ಬಂದ ಎರಡು ಕಡ್ಡಿ ಆಂಟೆನಾ ಸಿಕ್ಕಿಸಿ ಬಿಟ್ಟರೆ ಸಿಗ್ನಲ್ಲಿನ ದೊಡ್ಡ ಪಾಲು ಹೊರಗೇ ಉಳಿಯಿತು. ಇದನ್ನು ನಂಬಬೇಡಿ, ನೀವೇ ಅಳೆದು ನೋಡಿ. ಫೋನಿನ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳನ್ನು ಎಣಿಸಿದರೆ ಏನೂ ಗೊತ್ತಾಗುವುದಿಲ್ಲ, ಪ್ರತಿ ಕಂಪನಿ ತನಗೆ ಬೇಕಾದ ಹಾಗೆ ತೋರಿಸುತ್ತದೆ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಅಂಕಿ ಇರುತ್ತದೆ, ಟವರಿನ ಸಿಗ್ನಲ್ ಎಷ್ಟು ಬಲವಾಗಿ ತಲುಪುತ್ತಿದೆ ಅನ್ನುವುದರ ಅಳತೆ. ಅದು ಮೈನಸ್ಸಿನಲ್ಲಿರುತ್ತದೆ. ಮೈನಸ್ 80ರ ಆಸುಪಾಸಿನಲ್ಲಿದ್ದರೆ ಬಹಳ ಚೆನ್ನಾಗಿದೆ, ಮೈನಸ್ 100 ಇದ್ದರೆ ಕೆಲಸ ನಡೆಯುತ್ತದೆ, ಮೈನಸ್ 115 ದಾಟಿದರೆ ಪರದಾಟ. ಮೊನ್ನೆ ಒಂದು ವ್ಯಾನಿನಲ್ಲಿ ಕಪಾಟಿನೊಳಗೆ ಮೈನಸ್ 114 ಇತ್ತು. ಅದೇ ರೂಟರಿಗೆ ಚಾವಣಿ ಮೇಲಿನ ಆಂಟೆನಾ ಜೋಡಿಸಿದ ಮೇಲೆ ಮೈನಸ್ 103. ಹನ್ನೊಂದೇ ಅಂಕಿ ಅಲ್ವಾ ಅನ್ನಿಸಬಹುದು. ಆದರೆ ಈ ಲೆಕ್ಕದಲ್ಲಿ ಹತ್ತು ಅಂಕಿ ಏರಿದರೆ ಶಕ್ತಿ ಹತ್ತು ಪಟ್ಟು. ಮೂರು ಅಂಕಿ ಇಳಿದರೆ ಅರ್ಧ.

ಆ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಯಾಕೆಂದರೆ ಜನ ಮೋಸ ಹೋಗುವುದು ಕೇಬಲ್ಲಿನಲ್ಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮ್ಯಾಗ್ನೆಟ್ ಆಂಟೆನಾ ನೋಡಿರುತ್ತೀರಿ. ಅದರ ಜೊತೆ ಇಯರ್‌ಫೋನ್ ವೈರಿನಷ್ಟು ತೆಳ್ಳಗಿನ ಮೂರು ಮೀಟರ್ ಕೇಬಲ್ ಬರುತ್ತದೆ. 4ಜಿ ಜಾಸ್ತಿ ಓಡುವ 1800 ಮೆಗಾಹರ್ಟ್ಸ್‌ನಲ್ಲಿ ಆ ಮೂರು ಮೀಟರಿನಲ್ಲೇ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ಕರಗಿ ಹೋಗುತ್ತದೆ. ಚಾವಣಿಗೆ ಹತ್ತಿಸಿ ಗಳಿಸಿದ್ದನ್ನು ವೈರಿನಲ್ಲಿ ಕಳೆದ ಹಾಗಾಯಿತು. ಎಲ್‌ಎಂಆರ್ 240 ಅಂತ ಕೇಳಿ ದಪ್ಪ ಕೇಬಲ್ ತರಿಸಿ. ಅಷ್ಟೇ ಉದ್ದಕ್ಕೆ ಸುಮಾರು ಐದನೇ ಒಂದು ಭಾಗ ಮಾತ್ರ ಹೋಗುತ್ತದೆ. ಇನ್ನೂ ಒಳ್ಳೆಯದು ಅಂದರೆ ರೂಟರನ್ನೇ ಆಂಟೆನಾದ ಕೆಳಗಿನ ಕಪಾಟಿಗೆ ತಂದು ಕೇಬಲ್ಲನ್ನು ಒಂದು ಮೀಟರಿಗೆ ಇಳಿಸುವುದು. ಉಳಿದ ದೂರವನ್ನು ವೈಫೈ ನೋಡಿಕೊಳ್ಳುತ್ತದೆ.

ಆಂಟೆನಾಕ್ಕೆ 4ಜಿಯ ಎರಡು ವೈರ್ ಇರಲೇಬೇಕು. 4ಜಿ ಏಕಕಾಲಕ್ಕೆ ಎರಡು ದಾರಿಯಲ್ಲಿ ಡೇಟಾ ಕಳಿಸುತ್ತದೆ. ಒಂದೇ ವೈರ್ ಇದ್ದರೆ ಸಿಗ್ನಲ್ ಅಂಕಿ ಚೆನ್ನಾಗಿ ಕಾಣುತ್ತದೆ, ಸ್ಪೀಡ್ ಮಾತ್ರ ಅರ್ಧಕ್ಕೆ ಇಳಿಯಬಹುದು. ತುದಿಯ ಕನೆಕ್ಟರಿನಲ್ಲೂ ಎರಡು ಜಾತಿ. 4ಜಿಗೆ ಎಸ್‌ಎಂಎ, ವೈಫೈಗೆ ಆರ್‌ಪಿ ಎಸ್‌ಎಂಎ. ತಿರುಪು ಒಂದೇ, ಕೂಡಿಸಿದರೆ ಕೂಡುತ್ತದೆ, ಆದರೆ ತಪ್ಪು ಜೋಡಿಯಲ್ಲಿ ಒಳಗಿನ ಸೂಜಿ ಸೂಜಿಗೆ ತಾಗುತ್ತದೆ, ಇಲ್ಲವೇ ಎರಡೂ ಕಡೆ ಸೂಜಿಯೇ ಇರುವುದಿಲ್ಲ. ಬಿಗಿಯುವ ಮೊದಲು ಒಳಗೆ ಇಣುಕಿ ನೋಡಿ.

ಇನ್ನು ನಮ್ಮ ಉಪ್ಪುಗಾಳಿ. ಒಂದು ಮಳೆಗಾಲ ಸಮುದ್ರದ ಬದಿಯಲ್ಲಿ ಕಳೆದ ಗಾಡಿಯ ಆಂಟೆನಾ ಬಿಚ್ಚಿದರೆ ಕನೆಕ್ಟರಿನ ತಿರುಪಿನಲ್ಲಿ ಹಸಿರು ಪುಡಿ ಉದುರುತ್ತದೆ. ಕೇಬಲ್ಲಿನ ಹೊರ ಸಿಪ್ಪೆ ಒಂದಿಂಚು ಸುಲಿದರೆ ಒಳಗಿನ ಹೆಣಿಗೆ ತಾಮ್ರದ ಬಣ್ಣವನ್ನೇ ಬಿಟ್ಟು ಕಪ್ಪಾಗಿರುತ್ತದೆ. ನೀರು ಕೇಬಲ್ಲಿನೊಳಗೇ ಇಳಿದು ನಡೆದಿರುತ್ತದೆ. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ, ನೆಟ್ ಮಾತ್ರ ದಿನದಿಂದ ದಿನಕ್ಕೆ ಸೋಲುತ್ತದೆ. ಸಾಮಾನ್ಯ ಇನ್ಸುಲೇಷನ್ ಟೇಪ್ ಇದಕ್ಕೆ ಸಾಲದು. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಂಡು ಒಂದೇ ರಬ್ಬರ್ ತುಂಡಾಗುವ ಟೇಪ್ ಸಿಗುತ್ತದೆ, ಅದನ್ನು ಸುತ್ತಿ. ಕೇಬಲ್ ಚಾವಣಿಯೊಳಗೆ ಇಳಿಯುವ ಮುನ್ನ ಒಂದು ಬಾಗು ಕೊಡಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ತೂತಿನ ಕಡೆ ಹರಿಯುವುದಿಲ್ಲ.

ಬೂಸ್ಟರ್ ಹಾಕಿಬಿಡಿ ಅನ್ನುವವರಿಗೆ ನಾನು ಸೀದಾ ಇಲ್ಲ ಅನ್ನುತ್ತೇನೆ. ಹೊರಗಿನ ಆಂಟೆನಾದಲ್ಲಿ ಸಿಗ್ನಲ್ ಹಿಡಿದು, ಜೋರು ಮಾಡಿ, ಒಳಗಿನ ಆಂಟೆನಾದಿಂದ ಬಿಡುವ ಯಂತ್ರ ಅದು. ಮೊಬೈಲ್ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರನ್ನು ಟೆಲಿಕಾಂ ಕಂಪನಿಗಳ ಹೊರತು ಬೇರೆಯವರು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ನಮ್ಮ ದೇಶದಲ್ಲಿ ಅಪರಾಧ. ಆನ್‌ಲೈನಿನಲ್ಲಿ ಮಾರಾಟಕ್ಕೆ ಸಿಕ್ಕಿತು ಅಂದ ಮಾತ್ರಕ್ಕೆ ಕಾನೂನು ಒಪ್ಪಿದ ಹಾಗಲ್ಲ. ಕಾನೂನು ಬದಿಗಿಟ್ಟರೂ ನನಗೆ ಅದು ಬೇಡ. ವ್ಯಾನಿನ ಚಾವಣಿ ಚಿಕ್ಕದು, ಒಳಗಿನ ಆಂಟೆನಾ ಹೊರಗಿನದಕ್ಕೆ ತೀರ ಹತ್ತಿರ. ಬೂಸ್ಟರ್ ತನ್ನ ದನಿಯನ್ನೇ ತಾನು ಕೇಳಿ ಕಿರುಚಲು ಶುರು ಮಾಡುತ್ತದೆ. ಆ ಗದ್ದಲ ಟವರಿಗೆ ತಲುಪಿ ಊರಿಗೆ ಊರೇ ಕಾಲ್ ಕಟ್ ಆಗುತ್ತದೆ. ಹಳ್ಳಿಯವರಿಗೆ ಇರುವುದೇ ಒಂದು ಟವರ್, ನಾಲ್ಕು ದಿನ ಉಳಿಯಲು ಬಂದವರು ಅದನ್ನೂ ಕೆಡಿಸಬಾರದು. ಚಾವಣಿ ಆಂಟೆನಾ ಇಟ್ಟ ರೂಟರಿಗೆ ಈ ತೊಂದರೆ ಇಲ್ಲ. ಅದು ಒಂದು ಫೋನ್ ಇದ್ದ ಹಾಗೆಯೇ.

ಹೊರದೇಶದಿಂದ ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಡಿಶ್ ತಂದು ಇಲ್ಲಿ ಆನ್ ಮಾಡುವ ಯೋಚನೆಯೂ ಬೇಡ. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೇ ಪೊಲೀಸ್ ಕೇಸ್. ಅದರಲ್ಲೂ ನಮ್ಮೂರಿನ ಪಕ್ಕ ಅರಗಾದಲ್ಲಿ ಕದಂಬ ನೌಕಾನೆಲೆ ಇದೆ.

ಈಗ ಸಿಮ್. ಎರಡು ಸಿಮ್ ಬೇಕು, ಅದೂ ಬೇರೆ ಬೇರೆ ಕಂಪನಿಯದು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಹಲವು ಕಡೆ ಖಾಸಗಿ ಕಂಪನಿಗಳ ಆಂಟೆನಾಗಳೆಲ್ಲ ಒಂದೇ ಟವರಿನ ಮೇಲೆ ಕೂತಿರುತ್ತವೆ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಖಾಲಿಯಾದರೆ ಎರಡು ಸಿಮ್ಮೂ ಒಟ್ಟಿಗೆ ಮಲಗುತ್ತವೆ. ಬಿಎಸ್‌ಎನ್‌ಎಲ್‌ಗೆ ಬಹುತೇಕ ತನ್ನದೇ ಟವರ್. ಜೊಯಿಡಾ, ಯಲ್ಲಾಪುರ, ಸಿರ್ಸಿ ಕಡೆಯ ಕಾಡಿನೊಳಗೆ ಅದೊಂದೇ ಬರುವ ಹಳ್ಳಿಗಳೂ ಇವೆ. ಹಾಗಾಗಿ ಒಂದು ಖಾಸಗಿ ಸಿಮ್, ಒಂದು ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಳ್ಳಿ. ಹೊಸ ಜಾಗಕ್ಕೆ ಹೋದಾಗ ನಕ್ಷೆ ನೋಡುವ ಬದಲು ಚಹಾದಂಗಡಿಯಲ್ಲಿ ಕೇಳಿ, "ಇಲ್ಲಿ ಯಾವ ನೆಟ್ ಬರ್ತದೆ?" ಅಂತ. ಯಾವ ಗುಡ್ಡದ ನೆತ್ತಿಯಲ್ಲಿ ಬರುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತಾರೆ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ ಜಿಲ್ಲೆ ಇದು, ಆ ಲೆಕ್ಕ ಜನರಿಗೆ ಬಾಯಿಪಾಠ.

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಮಾತ್ರ ರೂಟರಿಗೆ ಹಾಕಬೇಡಿ. ಓಟಿಪಿ ರೂಟರಿನೊಳಗೆ ಬಂದು ಕೂರುತ್ತದೆ. ಸೆಟ್ಟಿಂಗ್ ಪುಟ ತೆರೆದು ಹುಡುಕುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ.

ಈಗ ಕೇಳಿ, ಯಾವ ರೂಟರ್ ಅಂತ. ಬ್ರ್ಯಾಂಡಿಗಿಂತ ಮೊದಲು ಡಬ್ಬಿಯ ಮೇಲಿನ ಬ್ಯಾಂಡ್ ಪಟ್ಟಿ ಓದಿ. ಬ್ಯಾಂಡ್ ಅಂದರೆ ಮೊಬೈಲ್ ಕಂಪನಿಗಳು ಸಿಗ್ನಲ್ ಕಳಿಸುವ ಅಲೆಗಳ ಒಂದೊಂದು ಗುಂಪು, ಪ್ರತಿಯೊಂದಕ್ಕೂ ಒಂದು ನಂಬರ್. ನಮ್ಮಲ್ಲಿ ಬೇಕಾದ 4ಜಿ ಬ್ಯಾಂಡುಗಳು 1, 3, 5, 8, 28, 40, 41. ಇದರಲ್ಲಿ 5 ಅಂದರೆ 850 ಮೆಗಾಹರ್ಟ್ಸ್, 8 ಅಂದರೆ 900, 28 ಅಂದರೆ 700. ಈ ಮೂರು ತಗ್ಗಿನ ಬ್ಯಾಂಡುಗಳೇ ಕಾಡಿನಲ್ಲಿ ಕೈಹಿಡಿಯುವುದು. ಮೆಗಾಹರ್ಟ್ಸ್ ಕಡಿಮೆ ಇದ್ದಷ್ಟೂ ಅಲೆ ಉದ್ದ, ಅಲೆ ಉದ್ದ ಇದ್ದಷ್ಟೂ ಎಲೆ, ಕೊಂಬೆ ದಾಟಿ ದೂರ ಹೋಗುತ್ತದೆ. ಬ್ಯಾಂಡ್ 40 ಅಂದರೆ 2300 ಮೆಗಾಹರ್ಟ್ಸ್. ಪೇಟೆಯಲ್ಲಿ ಸ್ಪೀಡ್ ಕೊಡುತ್ತದೆ, ಅಡಿಕೆ ತೋಟದೊಳಗೆ ಬೇಗ ಸೋಲುತ್ತದೆ. ಜಿಯೋ 850ರಲ್ಲಿ ಓಡುತ್ತದೆ, ಏರ್‌ಟೆಲ್ 900ರಲ್ಲಿ, ಬಿಎಸ್‌ಎನ್‌ಎಲ್ 4ಜಿ 700ರಲ್ಲಿ. ಯುರೋಪಿಗೆಂದು ಮಾಡಿದ ರೂಟರುಗಳಲ್ಲಿ ಇಲ್ಲಿ ಉಪಯೋಗವಿಲ್ಲದ ಬ್ಯಾಂಡ್ 20 ಇರುತ್ತದೆ, ಬ್ಯಾಂಡ್ 5 ಎಷ್ಟೋ ಸಲ ಇರುವುದಿಲ್ಲ. ಅಂಥದ್ದರಲ್ಲಿ ಜಿಯೋ ಸಿಮ್ ಕಾಡಿಗೆ ಬಂದ ಕೂಡಲೇ ಸುಮ್ಮನಾಗುತ್ತದೆ. ಕಾಡಿನ ಸುತ್ತಾಟಕ್ಕೆ ಒಳ್ಳೆಯ 4ಜಿ ರೂಟರ್ ಸಾಕು. 5ಜಿಗೆ ದುಪ್ಪಟ್ಟು ಕೊಡುವ ಹಣ ಆಂಟೆನಾಕ್ಕೆ ಹಾಕಿ.

ರೂಟರಿನಲ್ಲಿ ಇನ್ನೊಂದು ಸೌಲಭ್ಯ ಇರಬೇಕು. ನೆಟ್ ಸಿಗದೆ ಸ್ವಲ್ಪ ಹೊತ್ತಾದರೆ ತಾನೇ ರೀಸ್ಟಾರ್ಟ್ ಆಗುವುದು. ದೇವಿಮನೆ ಘಟ್ಟ ಹತ್ತುವಾಗ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಕೆಲವು ರೂಟರುಗಳು ಒಮ್ಮೆ ಕಳೆದುಕೊಂಡದ್ದನ್ನು ಸಿರ್ಸಿ ಮುಟ್ಟಿದರೂ ಹಿಡಿಯುವುದಿಲ್ಲ. ವೈಫೈ ಬಗ್ಗೆ ಹೇಳುವುದು ಕಡಿಮೆ. ಪಾಸ್‌ವರ್ಡ್ ಬದಲಿಸಿ, ಪವರ್ ಕನಿಷ್ಠಕ್ಕೆ ಇಳಿಸಿ. ಹತ್ತು ಅಡಿ ವ್ಯಾನಿಗೆ ಅದೇ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಈ ವೈಫೈಯನ್ನು ಮೀಟರ್ಡ್, ಅಂದರೆ ಡೇಟಾಕ್ಕೆ ಮಿತಿ ಇದೆ, ಅಂತ ಗುರುತು ಮಾಡಿ. ಇಲ್ಲದಿದ್ದರೆ ರಾತ್ರಿ ಅಪ್‌ಡೇಟ್ ಇಳಿದು, ಬೆಳಿಗ್ಗೆಗೆ ದಿನದ 2 ಜಿಬಿ ಮುಗಿದಿರುತ್ತದೆ. ವಿಡಿಯೊ ಕಾಲೇ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಲೆಕ್ಕ ಹಾಕಿಕೊಂಡು ರೀಚಾರ್ಜ್ ಮಾಡಿ.

ಕರೆಂಟಿನ ವಿಷಯಕ್ಕೆ ಬಂದರೆ, ರೂಟರ್ 12 ವೋಲ್ಟಿನದ್ದು, ಬ್ಯಾಟರಿಯೂ 12 ವೋಲ್ಟಿನದ್ದು, ನೇರ ಜೋಡಿಸಿದರಾಯಿತು ಅಂತ ಹಲವರು ಅಂದುಕೊಂಡಿದ್ದಾರೆ. ಎಂಜಿನ್ ಓಡುವಾಗ ಅದೇ ಬ್ಯಾಟರಿ 14.4 ವೋಲ್ಟಿಗೆ ಏರುತ್ತದೆ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ 10ಕ್ಕೆ ಕುಸಿಯುತ್ತದೆ. ಮನೆಬಳಕೆಯ ರೂಟರ್ ಇದನ್ನು ಹೆಚ್ಚು ದಿನ ತಾಳುವುದಿಲ್ಲ. ನಡುವೆ ಒಂದು ಡಿಸಿ ಕನ್ವರ್ಟರ್ ಹಾಕಿ, ವೋಲ್ಟೇಜ್ ಏರಿದರೂ ಇಳಿದರೂ 12ನ್ನೇ ಕೊಡುವಂಥದ್ದು. ಬ್ಯಾಟರಿಯ ಪಕ್ಕದಲ್ಲೇ ಒಂದು ಸಣ್ಣ ಫ್ಯೂಸ್. ಇನ್ವರ್ಟರ್ ಆನ್ ಮಾಡಿ, ಅದಕ್ಕೆ ಅಡಾಪ್ಟರ್ ಸಿಕ್ಕಿಸಿ ರೂಟರ್ ನಡೆಸುವುದು ಬೇಡ, ಇನ್ವರ್ಟರ್ ಸುಮ್ನೆ ನಿಂತರೂ ಬ್ಯಾಟರಿ ಕುಡಿಯುತ್ತಿರುತ್ತದೆ. ರೂಟರ್ ಒಂದೇ ಆದರೆ 10 ವ್ಯಾಟ್ ಹಿಡಿದರೂ ದಿನವಿಡೀ 20 ಆಂಪಿಯರ್ ಅವರ್. 100 ಆಂಪಿಯರ್ ಅವರ್ ಬ್ಯಾಟರಿಗೆ ಅದು ಭಾರವಲ್ಲ. ಆದರೆ ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟ ದಿನಗಳಲ್ಲಿ ರಾತ್ರಿ ಆರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ದೊಡ್ಡದು. ಗೋಕರ್ಣದ ಓಂ ಬೀಚಿನಲ್ಲಿ ಪಾರ್ಕಿಂಗ್ ಗುಡ್ಡದ ಮೇಲಿದೆ, ಮರಳು ಮೆಟ್ಟಿಲಿಳಿದು ಕೆಳಗೆ. ಕೆಳಗೆ ಗುಡ್ಡ ಟವರಿಗೆ ಅಡ್ಡ ನಿಲ್ಲುತ್ತದೆ, ಮೇಲೆ ವ್ಯಾನಿನ ಹತ್ತಿರ ಕೆಲಸ ನಡೆಯುತ್ತದೆ. ನದಿಮುಖಗಳು ಇದಕ್ಕೆ ತದ್ವಿರುದ್ಧ. ಅಘನಾಶಿನಿ ಸಮುದ್ರ ಸೇರುವಲ್ಲಿ ಬಯಲು ನೀರಿನ ಮೇಲೆ ಏನೂ ಅಡ್ಡವಿಲ್ಲ, ಆಚೆ ದಡದ ಟವರೂ ಸಿಗುತ್ತದೆ. ಅಂಥ ಕಡೆ ಎರಡು ದಿನ ನಿಲ್ಲುವುದಾದರೆ, ಕೋಲಿಗೆ ಕಟ್ಟಿ ಒಂದೇ ದಿಕ್ಕಿಗೆ ತಿರುಗಿಸುವ ಪ್ಯಾನೆಲ್ ಆಂಟೆನಾ ಬಹಳ ಉಪಯೋಗ. ಹತ್ತು ಹತ್ತು ಡಿಗ್ರಿ ತಿರುಗಿಸಿ, ಪ್ರತಿ ಸಲ ಅರ್ಧ ನಿಮಿಷ ಕಾದು, ಸೆಟ್ಟಿಂಗ್ ಪುಟದ ಸಿಗ್ನಲ್ ಅಂಕಿ ಬರೆದುಕೊಳ್ಳಿ.

ಮಳೆ ಬಂದರೆ ನೆಟ್ ಹೋಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಟವರಿನಿಂದ ನಿಮ್ಮ ಗಾಡಿಗೆ ಬರುವ ಅಲೆಯನ್ನು ಮಳೆ ಹನಿ ಅಷ್ಟಾಗಿ ತಡೆಯುವುದಿಲ್ಲ, ನೆನೆದ ಎಲೆ ತಡೆಯುತ್ತದೆ. ಮಳೆಗಾಲದಲ್ಲಿ ಮರದಡಿಯಿಂದ ಗಾಡಿಯನ್ನು ಹೊರಗೆ ತಂದರೆ ವ್ಯತ್ಯಾಸ ಕಾಣುತ್ತದೆ. ಕೆಲವೊಮ್ಮೆ ಸಿಗ್ನಲ್ ಪೂರ್ತಿ ಇದ್ದು ಪೇಜ್ ಮಾತ್ರ ತೆರೆಯುವುದಿಲ್ಲ. ಗುಡ್ಡದ ಟವರುಗಳು ಎಷ್ಟೋ ಕಡೆ ಒಂದರಿಂದ ಒಂದಕ್ಕೆ ಮೈಕ್ರೋವೇವ್ ಕೊಂಡಿಯಲ್ಲಿ, ಅಂದರೆ ಇನ್ನೂ ಚಿಕ್ಕ ರೇಡಿಯೊ ಅಲೆಗಳಲ್ಲಿ, ಮಾತಾಡುತ್ತವೆ. ಜೋರು ಮಳೆ ಆ ಕೊಂಡಿಯನ್ನು ಕೆಡಿಸುತ್ತದೆ. ಹೊಸವರ್ಷದ ಗೋಕರ್ಣದಲ್ಲೂ ಹೀಗೇ ಆಗುತ್ತದೆ, ಅಲ್ಲಿ ಕಾರಣ ಜನಸಂದಣಿ. ಇವೆರಡಕ್ಕೂ ಯಾವ ಆಂಟೆನಾವೂ ಮದ್ದಲ್ಲ. ಬೇರೆ ಸಿಮ್ಮಿಗೆ ಹೋಗಿ, ಅಥವಾ ದೊಡ್ಡ ಫೈಲ್ ಕಳಿಸುವುದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಕಾರವಾರದಿಂದ ಕದ್ರಾ, ಅಣಶಿ ಮೇಲೆ ಜೊಯಿಡಾಕ್ಕೆ ಹೋಗುವವರಿಗೆ ಒಂದು ಮಾತು. ಆ ದಾರಿಯಲ್ಲಿ ಯಾವ ಸಿಮ್ಮೂ, ಯಾವ ಆಂಟೆನಾವೂ ಕೆಲಸ ಮಾಡದ ತಿರುವುಗಳಿವೆ. ನಕ್ಷೆಯನ್ನು ಕಾರವಾರದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕದ್ರಾ ಬಿಡುವಾಗ ಮನೆಗೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ಜೊಯಿಡಾ ಮುಟ್ಟುತ್ತೀರಿ ಅಂತ ಹೇಳಿ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ, ನಿಮ್ಮ ಕಂಪನಿಯ ನೆಟ್‌ವರ್ಕ್ ಇಲ್ಲದಿದ್ದರೂ ಅಲ್ಲಿ ಸಿಗುವ ಬೇರೆ ಯಾವುದಾದರೂ ನೆಟ್‌ವರ್ಕಿನಿಂದ ಫೋನ್ ಪ್ರಯತ್ನಿಸುತ್ತದೆ. ಯಾವುದೂ ಸಿಗದಿದ್ದರೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ಕೊನೆಯ ಸಲ ಸಿಗ್ನಲ್ ಕಂಡ ಜಾಗಕ್ಕೆ ಬನ್ನಿ.