ಪ್ರಸಾದ ಮುಟ್ಟಿ ಆಣೆ ಮಾಡಿದ್ದೇವೆ, ಈಗ ಅವರಿಗೇ ಮತ ಹಾಕಬೇಕೆ?

ಪ್ರಶ್ನೆ: ಮತದಾನದ ಹಿಂದಿನ ರಾತ್ರಿ ಮನೆಗೆ ಬಂದವರು ದೇವರ ಪ್ರಸಾದ ಮುಟ್ಟಿಸಿ ಆಣೆ ಮಾಡಿಸಿಕೊಂಡರು, ಕೈಯಲ್ಲಿ ದುಡ್ಡಿಟ್ಟು ಹೋದರು. ನಮ್ಮ ಮನಸ್ಸು ಬೇರೆಯವರ ಕಡೆಗಿದೆ. ಆಣೆ ತಪ್ಪಿದರೆ ಮನೆಗೆ ಕೇಡು ಎಂಬ ಹೆದರಿಕೆ. ಇಂಥ ಹೊತ್ತಲ್ಲಿ ಮತಗಟ್ಟೆಗೆ ಹೋಗದೇ ಉಳಿಯುವುದು ಒಳ್ಳೆಯದಲ್ಲವೇ? (ಹೊನ್ನಾವರ ತಾಲ್ಲೂಕಿನ ಓದುಗರು)

ಉತ್ತರ: ಹೋಗಿ. ನಿಮ್ಮ ಮನಸ್ಸು ಒಪ್ಪಿದವರಿಗೇ ಹಾಕಿ.

ಮೊದಲು ಆಣೆಯ ಮಾತು. ಕುಮಟಾ, ಹೊನ್ನಾವರದ ಬಯಲಾಟ ನೋಡಿದವರಿಗೆ ಕರ್ಣಪರ್ವದ ಕಥೆ ಹೊಸದಲ್ಲ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನ ತಲೆ ತೆಗೆಯುತ್ತೇನೆಂದು ಅರ್ಜುನ ಪ್ರತಿಜ್ಞೆ ಮಾಡಿದ್ದ. ಆ ಮಾತು ಧರ್ಮರಾಯನ ಬಾಯಿಂದಲೇ ಬಂದಾಗ ಅಣ್ಣನ ಮೇಲೆ ಕತ್ತಿ ಹಿರಿದ. ಕೃಷ್ಣ ತಡೆದು ಕೌಶಿಕನ ಕಥೆ ಹೇಳಿದ: ಸದಾ ನಿಜವನ್ನೇ ಆಡುವ ವ್ರತ ಹಿಡಿದ ಕೌಶಿಕ, ಜೀವ ಉಳಿಸಿಕೊಳ್ಳಲು ಓಡಿದವರ ದಾರಿಯನ್ನು ದರೋಡೆಕೋರರಿಗೆ ತೋರಿಸಿಕೊಟ್ಟು ನರಕಕ್ಕೆ ಹೋದ. ಅಧರ್ಮಕ್ಕೆ ಎಳೆಯುವ ಪ್ರತಿಜ್ಞೆ ಕಟ್ಟಿಹಾಕುವುದಿಲ್ಲ ಎಂಬುದು ಅಲ್ಲಿನ ತೀರ್ಪು. ಹಣ ಕೊಟ್ಟು ಹೇಳಿಸಿದ ಆಣೆ ಅದಕ್ಕಿಂತ ಗಟ್ಟಿಯಾದದ್ದೇನಲ್ಲ. ಆದರೂ ಮನಸ್ಸು ಅಳುಕಿದರೆ ನಮ್ಮ ಕರಾವಳಿಯಲ್ಲಿ ತಪ್ಪುಕಾಣಿಕೆಯ ರೂಢಿ ಇದ್ದೇ ಇದೆ. ಅದು ಆಣೆ ಹಾಕಿಸಿದವರಿಗಲ್ಲ, ದೇವರಿಗೆ ಸಲ್ಲುವಂಥದ್ದು.

ಭಟ್ಕಳದ ಮುಸ್ಲಿಂ ಮನೆಯವರು ಇದೇ ಪ್ರಶ್ನೆ ಕೇಳಿದರೂ ದಾರಿಯಿದೆ. ಮಾಡಿದ ಆಣೆಗಿಂತ ಒಳ್ಳೆಯದು ಕಂಡರೆ ಒಳ್ಳೆಯದನ್ನೇ ಮಾಡಿ, ಆಣೆಗೆ ಕಫ್ಫಾರಾ (ಪ್ರಾಯಶ್ಚಿತ್ತ) ಕೊಡಿ ಎನ್ನುತ್ತದೆ ಹದೀಸ್, ಅಂದರೆ ಪ್ರವಾದಿಯವರ ವಚನ. ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ. ಶಕ್ತಿ ಇಲ್ಲದವರಿಗೆ ಮೂರು ದಿನ ಉಪವಾಸ. ಕಾರವಾರದ ಕ್ಯಾಥೊಲಿಕರಿಗೆ ಅವರ ಧರ್ಮೋಪದೇಶವೇ ಮತದಾನವನ್ನು ನೈತಿಕ ಕರ್ತವ್ಯ ಎಂದು ಹೇಳಿದೆ.

ಕಾನೂನು ಇನ್ನೂ ಸ್ಪಷ್ಟವಾಗಿದೆ. ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರನನ್ನು ನಂಬಿಸುವುದು 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ ಭ್ರಷ್ಟ ಆಚರಣೆ. ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಮಿನಲ್ಲಿ ಅಪರಾಧ. ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ದುಡ್ಡು ಕೊಟ್ಟವರಿಗೂ ತೆಗೆದುಕೊಂಡವರಿಗೂ 170ನೇ ಕಲಮು ಅನ್ವಯಿಸುತ್ತದೆ, ಶಿಕ್ಷೆಯೂ ಅಷ್ಟೇ. ಅದಕ್ಕೇ ಹೇಳುತ್ತೇವೆ, ಬಾಗಿಲಲ್ಲೇ ಬೇಡವೆನ್ನುವುದು ಎಲ್ಲಕ್ಕಿಂತ ಸುಲಭ. ಆಣೆ ಮಾಡಿಸಲು ದೇವಸ್ಥಾನ, ದರ್ಗಾ, ಇಗರ್ಜಿಯ ಆವರಣಕ್ಕೆ ಕರೆದರೆ ಅದು ಬೇರೆಯದೇ ತಪ್ಪು: ಧಾರ್ಮಿಕ ಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕಾಯ್ದೆ ತಡೆಯುತ್ತದೆ.

ಮನೆಯಲ್ಲೇ ಉಳಿಯುವ ವಿಚಾರ ಮಾತ್ರ ಬಿಡಿ. ಯಾರೂ ನೋಯದ ದಾರಿ ಎಂದು ಬಹಳ ಮಂದಿ ಅದನ್ನೇ ಹಿಡಿಯುತ್ತಾರೆ, ಆದರೆ ಲೆಕ್ಕ ತಿರುಗುಮುರುಗಾಗಿದೆ. ಮತಗಟ್ಟೆಯೊಳಗೆ ಪಕ್ಷದ ಏಜೆಂಟರು ಪಟ್ಟಿ ಹಿಡಿದು ಕೂತಿರುತ್ತಾರೆ. ಮೊದಲ ಅಧಿಕಾರಿ ನಿಮ್ಮ ಹೆಸರು ಗಟ್ಟಿಯಾಗಿ ಓದಿದೊಡನೆ ಅವರೂ ಗುರುತು ಹಾಕಿಕೊಳ್ಳುತ್ತಾರೆ. ನೀವು ಬರಲಿಲ್ಲ ಎಂಬುದು ಗೊತ್ತಾಗುತ್ತದೆ. ಯಾರಿಗೆ ಒತ್ತಿದಿರಿ ಎಂಬುದು ಗೊತ್ತಾಗುವುದಿಲ್ಲ. ಎಡಗೈ ತೋರುಬೆರಳಿಗೆ ಶಾಯಿ, ರಿಜಿಸ್ಟರಿನಲ್ಲಿ ಸಹಿ, ಆಮೇಲೆ ಮರೆಯ ಹಿಂದೆ ನೀವೊಬ್ಬರೇ. ಗುಂಡಿ ಒತ್ತಿದಾಗ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಗಾಜಿನಾಚೆ 7 ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಅದರಲ್ಲಿ ನಿಮ್ಮ ಹೆಸರೂ ಇಲ್ಲ, ನಂಬರೂ ಇಲ್ಲ. ಫೋಟೊ ತಂದು ತೋರಿಸಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಆ ಮರೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ.

ಎಣಿಕೆಯಾದ ಮೇಲೆ ಮತಗಟ್ಟೆವಾರು ಲೆಕ್ಕ ಹೊರಬರುತ್ತದೆ, ನಿಜ. ನಿಮ್ಮ ಕೇರಿಯ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ಎಲ್ಲರಿಗೂ ತಿಳಿಯುತ್ತದೆ. "ನಮಗೆ ಎಲ್ಲ ಗೊತ್ತಾಗ್ತದೆ" ಎಂದು ಹೆದರಿಸುವವರ ಬಂಡವಾಳ ಅಷ್ಟೇ. ಯಾವ ಮನೆಯ ಮತ ಎತ್ತ ಹೋಯಿತೆಂದು ಆ ಲೆಕ್ಕದಿಂದ ತೆಗೆಯಲಾಗದು. ಯಾರಿಗೆ ಹಾಕಿದೆ ಎಂದು ಹೇಳುವಂತೆ ನ್ಯಾಯಾಲಯವೂ ನಿಮ್ಮನ್ನು ಒತ್ತಾಯಿಸುವಂತಿಲ್ಲ.

ಯಾರೂ ಸರಿಯಿಲ್ಲ ಅನಿಸಿದರೆ ಕೊನೆಯ ಗುಂಡಿ ನೋಟಾ ಇದೆ. ಆದರೆ ನೋಟಾಗೆ ಎಷ್ಟೇ ಬಿದ್ದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಅದು ತಿಳಿದಿರಲಿ.

ಮತ್ತೆ ಯಾರಾದರೂ ಪ್ರಸಾದ, ಲಕೋಟೆ ಹಿಡಿದು ಬಂದರೆ ಚುನಾವಣಾ ದೂರಿಗೆಂದೇ ಇರುವ ಸಿ-ವಿಜಿಲ್ ಆ್ಯಪ್ ತೆರೆದು, ಅದರೊಳಗಿಂದಲೇ ಫೋಟೊ ಅಥವಾ 2 ನಿಮಿಷದೊಳಗಿನ ವಿಡಿಯೊ ತೆಗೆದು ಕಳಿಸಿ. ಮೊದಲೇ ತೆಗೆದಿಟ್ಟ ಚಿತ್ರವನ್ನು ಅದು ಸ್ವೀಕರಿಸುವುದಿಲ್ಲ. ಹಲವರ ದೂರು ಬಿದ್ದುಹೋಗುವುದು ಇಲ್ಲೇ. ಹೆಸರು ಹೇಳದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಕೈಗೊಳ್ಳಬೇಕೆಂಬುದು ಚುನಾವಣಾ ಆಯೋಗದ ನಿಯಮ. ಜೋಯಿಡಾ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಇಂಟರ್ನೆಟ್ ಹಿಡಿಯದಿದ್ದರೆ ಕರೆ ಹೋಗುವ ದಿಬ್ಬಕ್ಕೆ ಬಂದು ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಊರು, ಮನೆಯ ಗುರುತು, ಬಂದ ಹೊತ್ತು, ವಾಹನದ ನಂಬರು ತಿಳಿಸಿ.