ದೋಣಿಯ ಹಿಂಬದಿ ಕುಂಬಾಗಿದೆ: ಪ್ಲೈವುಡ್ ಎಷ್ಟು, ರೆಸಿನ್ ಎಷ್ಟು?

ಪ್ರಶ್ನೆ: ನಮ್ಮದು 20 ಅಡಿಯ ಹಳೇ ಫೈಬರ್ ದೋಣಿ. ಔಟ್‌ಬೋರ್ಡ್ ಇಂಜಿನ್ ಕೂರಿಸುವ ಹಿಂಬದಿಯ ಒಳಗಿನ ಪ್ಲೈವುಡ್ ಕುಂಬಾಗಿದೆ. ರಿಪೇರಿಗೆ ಏನೇನು, ಎಷ್ಟೆಷ್ಟು ತರಬೇಕು?

ದೋಣಿ 20 ಅಡಿ ಅಂತ ಹೇಳಿದರೆ ಅಂಗಡಿಯವರು ಏನೋ ಒಂದು ಅಂದಾಜು ಕೊಡುತ್ತಾರೆ, ಅದನ್ನು ನಂಬಬೇಡಿ. ನಮಗೆ ಬೇಕಾದ್ದು ದೋಣಿಯ ಉದ್ದ ಅಲ್ಲ, ಕುಂಬಾದ ಜಾಗದ ಅಳತೆ.

ಅದು ಹೊರಗಿಂದ ಕಾಣುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕುಂಬು ದಪ್ಪ ದನಿಯಲ್ಲಿ ದೊಬ್ ಅನ್ನುತ್ತದೆ. ಅನುಮಾನ ಇದ್ದ ಕಡೆ ಒಳಗಿನಿಂದ ಸಣ್ಣ ತೂತು ಕೊರೆದು ಪುಡಿ ನೋಡಿ. ಒಣಗಿದ ತಿಳಿ ಬಣ್ಣದ ಪುಡಿ ಬಂದರೆ ಸರಿ. ಕಪ್ಪಗೆ ಒದ್ದೆಯಾಗಿ ಬೆರಳಿಗೆ ಅಂಟಿದರೆ ಅಲ್ಲಿ ಮರ ಹೋಗಿದೆ. ತೂತು ಕೊರೆಯುವಾಗ ಹೊರಗಿನ ಫೈಬರ್ ದಾಟಬಾರದು. ಒಳಗಿನ ಫೈಬರ್ ಕತ್ತರಿಸಿ ತೆಗೆದ ಮೇಲೆ ಕುಂಬು ನೀವು ಎಣಿಸಿದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಅದಕ್ಕೇ ಮೊದಲು ಬಿಚ್ಚಿ, ಆಮೇಲೆ ಸಾಮಾನು ತನ್ನಿ.

ಈಗ ಲೆಕ್ಕ. ಹಿಂಬದಿ 5 ಅಡಿ ಅಗಲ, ಎರಡೂವರೆ ಅಡಿ ಎತ್ತರ ಅಂತ ಇಟ್ಟುಕೊಳ್ಳಿ. 18 ಎಂಎಂ ಮರೀನ್ ಪ್ಲೈವುಡ್ ಎರಡು ಪದರ ಬೇಕು. ಒಂದು ತುಂಡು 12.5 ಚದರ ಅಡಿ, ಎರಡಕ್ಕೆ 25. ಹಾಳೆ 8×4 ಅಡಿ, ಅಂದರೆ 32 ಚದರ ಅಡಿ. ಒಂದೇ ಹಾಳೆ ಸಾಕಲ್ವಾ? ನಾನೂ ಹಾಗೇ ಅಂದುಕೊಂಡು ಒಂದೇ ಹಾಳೆ ತಂದು, ಚಾಕ್‌ಪೀಸಿನಲ್ಲಿ ಗೆರೆ ಎಳೆದ ಮೇಲೆ ಪೆಚ್ಚಾದೆ. ಒಂದರ ಮೇಲೊಂದು ಇಟ್ಟರೆ 5 ಅಡಿ ಬೇಕು, ಹಾಳೆ ಇರುವುದು 4 ಅಡಿ. ತಿರುಗಿಸಿ ಇಟ್ಟರೂ ಕೂರುವುದಿಲ್ಲ. ಎರಡು ಹಾಳೆಯೇ ಬೇಕು. ಮೊದಲು ಕಾಗದದಲ್ಲಿ ಬಿಡಿಸಿ ನೋಡಿ. ಉಳಿದ ತುಂಡು ಮೂಲೆಯ ಆಸರೆಗೆ ಬರುತ್ತದೆ. ಹಾಳೆಯ ಮೇಲೆ ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆ ಇರಲಿ.

ಇನ್ನು ಮ್ಯಾಟ್, ಅಂದರೆ ಗಾಜಿನ ಎಳೆಯ ಹಾಸು, ಮತ್ತು ಅದನ್ನು ಹಿಡಿದು ಗಟ್ಟಿಯಾಗುವ ಅಂಟು ದ್ರವ ರೆಸಿನ್. 450 ಗ್ರಾಂ ಮ್ಯಾಟ್ ಅಂದರೆ ಚದರ ಮೀಟರಿಗೆ ಅಷ್ಟು ತೂಕ. ಕೈಯಲ್ಲಿ ಹಾಕುವಾಗ ಅದು ತನ್ನ ತೂಕದ ಎರಡು, ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ನೆನಪಿಗೆ ಹೀಗಿಟ್ಟುಕೊಳ್ಳಿ: 10 ಚದರ ಅಡಿಗೆ ಒಂದು ಪದರ ಹಾಕಲು ಮ್ಯಾಟ್ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ, ರೆಸಿನ್ ಹೆಚ್ಚುಕಡಿಮೆ 1 ಕೆಜಿ.

ಒಳಮೈ 12.5 ಚದರ ಅಡಿ. ತಳಕ್ಕೂ ಎರಡು ಪಕ್ಕಕ್ಕೂ ಅರ್ಧ ಅಡಿ ಹತ್ತಿಸಬೇಕು, ಅದಕ್ಕೆ ಇನ್ನು 5. ಒಟ್ಟು 17.5, ನಾಲ್ಕು ಪದರಕ್ಕೆ 70 ಚದರ ಅಡಿ. ಅಂದರೆ ರೆಸಿನ್ 7 ಕೆಜಿ, ಮ್ಯಾಟ್ 3 ಕೆಜಿ. ಎರಡು ಪ್ಲೈವುಡ್ ನಡುವೆ ಒಂದು ಪದರ, ಪ್ಲೈವುಡ್‌ಗೂ ಹೊರಗಿನ ಫೈಬರಿಗೂ ನಡುವೆ ಒಂದು ಪದರ: ರೆಸಿನ್ ಎರಡೂವರೆ ಕೆಜಿ, ಮ್ಯಾಟ್ ಸುಮಾರು 1 ಕೆಜಿ. ಬರೀ ಮರಕ್ಕೆ ಮೊದಲು ಕುಡಿಸುವುದಕ್ಕೆ, ಮೂಲೆ ತುಂಬುವ ಪುಟ್ಟಿಗೆ (ರೆಸಿನ್‌ಗೆ ಪುಡಿ ಕಲಸಿದ ಗಟ್ಟಿ ಮಿಶ್ರಣ) ರೆಸಿನ್ 2 ಕೆಜಿ. ಡಬ್ಬಿ, ರೋಲರ್, ನೆಲದ ಪಾಲು ಅಂತ ಶೇ. 20 ಸೇರಿಸಿದರೆ ರೆಸಿನ್ 14 ಕೆಜಿ, ಮ್ಯಾಟ್ 5 ಕೆಜಿಯ ಹತ್ತಿರ ಬರುತ್ತದೆ. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ರೆಸಿನ್ನಿನ ಶೇ. 1ರಿಂದ 1.5, ಅಂದರೆ 200 ಎಂಎಲ್ ಸಾಕು. ಕರಾವಳಿಯ ಬಿಸಿಲಿಗೆ ಅದನ್ನು ಜಾಸ್ತಿ ಹಾಕಿದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರವವನ್ನು ಬೇರೆ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನ್‌ಗೆ ಕಲಸಿ, ಆಮೇಲಷ್ಟೇ ಹಾರ್ಡನರ್. ಅವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಇದು ತಮಾಷೆಯಲ್ಲ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಪುರುಸೊತ್ತು ಇರುತ್ತದೆ ನಿಜ. ಆದರೆ ಮಳೆಯ ತೇವದಲ್ಲಿ ಮರವೂ ಒಣಗುವುದಿಲ್ಲ, ರೆಸಿನ್ನೂ ಸರಿಯಾಗಿ ಹಿಡಿಯುವುದಿಲ್ಲ. ಏಪ್ರಿಲಿನಲ್ಲೇ ಬಿಚ್ಚಿ.

ಕುಂಬು ಶುರುವಾಗುವುದು ಹೆಚ್ಚಾಗಿ ಇಂಜಿನ್ನಿನ ಬೋಲ್ಟ್ ತೂತಿನಿಂದ. ಹೊಸ ಪ್ಲೈವುಡ್‌ಗೆ ತೂತು ದೊಡ್ಡದಾಗಿ ಕೊರೆದು, ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್ ಅಳತೆಗೆ ಮತ್ತೆ ಕೊರೆಯಿರಿ. ಅದಕ್ಕೆ ಅಂತ ಅರ್ಧ ಕೆಜಿ ರೆಸಿನ್ ಬೇರೆಯೇ ಎತ್ತಿಡಿ.