ಎಸ್‌ಡಬ್ಲ್ಯೂಐ ವೆನೋಗ್ರಫಿ ಎಂದರೇನು?

ಎಸ್‌ಡಬ್ಲ್ಯೂಐ ಅಂದರೆ ಸಸೆಪ್ಟಿಬಿಲಿಟಿ ವೆಯ್ಟೆಡ್ ಇಮೇಜಿಂಗ್. ಕಾಂತಕ್ಷೇತ್ರದಲ್ಲಿಟ್ಟ ವಸ್ತು ತಾನೂ ಎಷ್ಟರಮಟ್ಟಿಗೆ ಕಾಂತವಾಗುತ್ತದೆ ಎಂಬ ಗುಣವೇ ಸಸೆಪ್ಟಿಬಿಲಿಟಿ. ಈ ಗುಣವನ್ನು ಹಿಡಿದು, ಯಾವ ಔಷಧವನ್ನೂ ಚುಚ್ಚದೆ ಮೆದುಳಿನ ಅಭಿಧಮನಿಗಳ ನಕ್ಷೆ ತೆಗೆಯುವ ಎಂಆರ್‌ಐ ವಿಧಾನವಿದು.

ಗುಟ್ಟು ಇರುವುದು ಹಿಮೋಗ್ಲೋಬಿನ್‌ನಲ್ಲಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತದಿಂದ ತುಸು ದೂರ ಸರಿಯುತ್ತದೆ, ಆಮ್ಲಜನಕ ಇಳಿಸಿದ್ದು ಅದರತ್ತ ವಾಲುತ್ತದೆ. ರಸಾಯನವಿಜ್ಞಾನಿಗಳಾದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು 1936ರಲ್ಲೇ ತೋರಿಸಿದ್ದರು. ಮೆದುಳಿಗೆ ಹೋಗುವ ರಕ್ತದ ಹಿಮೋಗ್ಲೋಬಿನ್ ಬಹುತೇಕ ಭರ್ತಿ, ಮರಳುವಾಗ ಸುಮಾರು ಮೂರರಲ್ಲೊಂದು ಪಾಲು ಖಾಲಿ. ಆ ಖಾಲಿ ಪಾಲು ಸುತ್ತಲಿನ ಕಾಂತಕ್ಷೇತ್ರವನ್ನು ಕದಡಿ, ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಎಂಆರ್‌ಐ ಸಂಶೋಧಕರಾದ ರೈಚೆನ್‌ಬಾಕ್, ಹಾಕೆ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಅಭಿಧಮನಿಗಳ ನಕ್ಷೆಗೆ ಬಳಸಿ ಪ್ರಕಟಿಸಿದರು.

ತೆಗೆಯುವುದು ಮೂರು ಆಯಾಮದ ಗ್ರೇಡಿಯಂಟ್ ಎಕೋ ಸ್ಕ್ಯಾನ್, ಅಂದರೆ ಕಾಂತಕ್ಷೇತ್ರದ ಕದಡುವಿಕೆಯನ್ನು ಅಳಿಸದೆ ಉಳಿಸುವ ಬಗೆ. ಎಕೋ ಸಮಯ, ಅಂದರೆ ರೇಡಿಯೋ ತರಂಗ ಕೊಟ್ಟ ಮೇಲೆ ಸಿಗ್ನಲ್ ಓದುವವರೆಗಿನ ಅಂತರ, 1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿ ಸುಮಾರು 40 ಮಿಲಿಸೆಕೆಂಡ್, 3 ಟೆಸ್ಲಾದಲ್ಲಿ ಸುಮಾರು 20. ಅದಕ್ಕಿಂತ ತೀರಾ ಬೇಗ ಓದಿದರೆ ಕದಡುವಿಕೆ ಬೆಳೆದಿರುವುದಿಲ್ಲ. ತಡಮಾಡಿದರೆ ಸಿಗ್ನಲ್ಲೇ ಬತ್ತುತ್ತದೆ. ಫೇಸ್ ಚಿತ್ರದಿಂದ (ಕಾಂತಕ್ಷೇತ್ರದ ಏರುಪೇರಿನಿಂದ ಸಿಗ್ನಲ್‌ನ ಅಲೆ ಎಷ್ಟು ಹಿಂದೆಮುಂದೆ ಸರಿದಿದೆ ಎಂದು ತೋರುವ ಚಿತ್ರ) ನಿಧಾನವಾಗಿ ಏರಿಳಿಯುವ ಹಿನ್ನೆಲೆಯನ್ನು ಫಿಲ್ಟರ್ ಮಾಡಿ ತೆಗೆದು, ಉಳಿದದ್ದನ್ನು 0ರಿಂದ 1ರವರೆಗಿನ ಮುಖವಾಡವಾಗಿಸಿ, ಅಭಿಧಮನಿ ಇನ್ನಷ್ಟು ಕಪ್ಪಾಗಲೆಂದು, ಸಿಗ್ನಲ್‌ನ ಬಲ ತೋರುವ ಮೂಲ ಚಿತ್ರಕ್ಕೆ ಸಾಮಾನ್ಯವಾಗಿ ನಾಲ್ಕು ಬಾರಿ ಗುಣಿಸುತ್ತಾರೆ.

ಒಂದೇ ಸ್ಲೈಸ್‌ನಲ್ಲಿ, ಅಂದರೆ ಮೆದುಳಿನ ಒಂದು ತೆಳು ಹೋಳಿನ ಚಿತ್ರದಲ್ಲಿ, ಅಭಿಧಮನಿ ಬರೀ ಒಂದು ಕಪ್ಪು ಚುಕ್ಕೆ. 2 ಮಿಲಿಮೀಟರ್ ದಪ್ಪದ ಎಂಟು ಸ್ಲೈಸ್‌ಗಳನ್ನು ಒಂದರ ಮೇಲೊಂದಿಟ್ಟು, ಪ್ರತಿ ಬಿಂದುವಿನಲ್ಲೂ ಅತಿ ಕಪ್ಪನ್ನೇ ಉಳಿಸಿಕೊಂಡರೆ ಚುಕ್ಕೆಗಳು ಕೂಡಿ ಎಳೆಯಾಗುತ್ತವೆ. ಪಾರ್ಶ್ವ ಕುಹರದ (ಮೆದುಳೊಳಗಿನ ದ್ರವ ತುಂಬಿದ ಪೊಳ್ಳು) ಅಂಚಿನಲ್ಲಿ ಬಿಳಿದ್ರವ್ಯದ (ನರತಂತುಗಳಿರುವ ಒಳಭಾಗ) ಸಣ್ಣ ಅಭಿಧಮನಿಗಳು ಬಾಚಣಿಗೆ ಹಲ್ಲಿನಂತೆ ಸಾಲಾಗಿ ಇಳಿದು ಬರುವುದು ಆಗ ಕಾಣುತ್ತದೆ. ನೋಡಲು ನಿಜಕ್ಕೂ ಚೆಂದ.

ಆದರೆ ಕಾಣುತ್ತಿರುವುದು ನಾಳವಲ್ಲ, ಅದರ ಕಾಂತೀಯ ನೆರಳು. ವೋಕ್ಸೆಲ್‌ಗಿಂತ (ಮೂರು ಆಯಾಮದ ಚಿತ್ರದ ಅತಿ ಸಣ್ಣ ಘಟಕ) ಸಣ್ಣ ಅಭಿಧಮನಿಯೂ ಕಾಣುವುದು ಈ ನೆರಳಿನಿಂದಲೇ, ನಾಳ ಇದ್ದದ್ದಕ್ಕಿಂತ ದಪ್ಪಗೆ ಕಾಣುವುದೂ ಇದರಿಂದಲೇ. ಹಾಗಾಗಿ ಇದರ ಮೇಲೆ ಸ್ಕೇಲ್ ಇಟ್ಟು ನಾಳದ ಅಗಲ ಅಳೆಯಬಾರದು. ಕಾಫಿ ಕುಡಿದು ಮಲಗಿದವರಲ್ಲಿ ಅಭಿಧಮನಿಗಳು ಇನ್ನಷ್ಟು ಕಪ್ಪಾಗುತ್ತವೆ: ಕೆಫೀನ್ ರಕ್ತದ ಹರಿವನ್ನು ತಗ್ಗಿಸುವುದರಿಂದ, ಮರಳುವ ರಕ್ತದಲ್ಲಿ ಆಮ್ಲಜನಕ ಇನ್ನೂ ಕಡಿಮೆ ಉಳಿದಿರುತ್ತದೆ. ಇದು ನಾಳಗಳ ನಕ್ಷೆ ಎನ್ನುವುದಕ್ಕಿಂತ ಆಮ್ಲಜನಕದ ನಕ್ಷೆ ಎನ್ನುವುದೇ ಸರಿ.

ಎಡವುವ ಜಾಗಗಳೂ ಇವೆ. ಮೂಗಿನ ಹಿಂದಿನ ಮತ್ತು ಕಿವಿಯ ಬಳಿಯ ಗಾಳಿಗೂಡುಗಳ ಪಕ್ಕದಲ್ಲಿ ಕಪ್ಪು ಮಚ್ಚೆ ಬಂದು ಅಲ್ಲಿನ ನಾಳಗಳನ್ನು ನುಂಗುತ್ತದೆ. ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ಜಾಗವೂ ರಕ್ತ ಸೋರಿದ ಜಾಗವೂ ಎರಡೂ ಕಪ್ಪೇ. ಬೇರ್ಪಡಿಸಲು ಫೇಸ್ ಚಿತ್ರ ಬೇಕು, ಅಲ್ಲಿ ಎರಡೂ ವಿರುದ್ಧ ಚಿಹ್ನೆ (ಒಂದು ಪ್ಲಸ್, ಇನ್ನೊಂದು ಮೈನಸ್) ತೋರುತ್ತವೆ. ಯಾವ ಚಿಹ್ನೆ ಬಿಳಿ, ಯಾವುದು ಕಪ್ಪು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಹಾಗಾಗಿ ಅದೇ ಚಿತ್ರದಲ್ಲಿ ಗೊತ್ತಿರುವ ಅಭಿಧಮನಿಯೊಂದನ್ನು ಮೊದಲು ನೋಡಿಕೊಳ್ಳಬೇಕು, ಅದೂ ಕಾಂತಕ್ಷೇತ್ರಕ್ಕೆ ಸಮಾಂತರವಾಗಿ, ಅಂದರೆ ತಲೆಯಿಂದ ಕಾಲಿನ ದಿಕ್ಕಿಗೆ ಸಾಗುವುದನ್ನು. ಅಡ್ಡ ಹಾಯುವ ನಾಳದೊಳಗೆ ಚಿಹ್ನೆಯೇ ತಿರುಗಿರುತ್ತದೆ.

ದೊಡ್ಡ ಸೈನಸ್‌ನಲ್ಲಿ (ಮೂಗಿನದಲ್ಲ, ಮೆದುಳಿನ ಅಭಿಧಮನಿಗಳ ರಕ್ತ ಸೇರುವ ದೊಡ್ಡ ನಾಳ) ರಕ್ತ ಹೆಪ್ಪುಗಟ್ಟಿದೆಯೇ ಎಂಬ ಪ್ರಶ್ನೆಗೆ ಇದೊಂದನ್ನೇ ನಂಬುವಂತಿಲ್ಲ, ಹರಿವನ್ನು ಹಿಡಿಯುವ ಎಂಆರ್ ವೆನೋಗ್ರಫಿಯೂ ಬೇಕು. ಅಲ್ಲೂ ಎಚ್ಚರ ಅಗತ್ಯ. ಹರಿಯುವ ರಕ್ತವನ್ನು ಬೆಳ್ಳಗೆ ತೋರುವ ಟೈಮ್ ಆಫ್ ಫ್ಲೈಟ್ ಚಿತ್ರದಲ್ಲಿ ಕೆಲವು ದಿನ ಹಳೆಯ ಹೆಪ್ಪು ತಾನೇ ಬೆಳ್ಳಗಿದ್ದು, ಹರಿಯುವ ರಕ್ತದಂತೆ ಕಾಣಬಹುದು. ತಲೆಯ ಹಿಂಬದಿಯಲ್ಲಿ ಅಡ್ಡಲಾಗಿ ಸಾಗುವ ಎಡ ಟ್ರಾನ್ಸ್‌ವರ್ಸ್ ಸೈನಸ್ ಹುಟ್ಟಿನಿಂದಲೇ ಸಣ್ಣದಾಗಿರುವುದು ಸಾಮಾನ್ಯ, ಅದು ಮುಚ್ಚಿಹೋದಂತೆ ತೋರುತ್ತದೆ. ಅನುಮಾನ ಉಳಿದರೆ ನಾಳ ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧ ಕೊಟ್ಟು ಇನ್ನೊಮ್ಮೆ ತೆಗೆಯಬೇಕು.